ಮಾಡೆಲ್ 10ರ ಟ್ರಿಗರ್ ಕೆಲಸ: ಬಿಗಿ ಹೋಗಿ ನಯ ಬಂದ ಬಗೆ

ಈ ಸಲ ಬೆಂಚಿಗೆ ಬಂದಿದ್ದು ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 10 ರಿವಾಲ್ವರ್. .38 ಸ್ಪೆಷಲ್ ತೋಟಾದ್ದು, ಆರು ತೋಟಾ ಹಿಡಿಯುವ ಸಿಲಿಂಡರ್, ನಾಲ್ಕು ಇಂಚಿನ ನಳಿಗೆ. 1899ರಲ್ಲಿ ಶುರುವಾದ ಮಿಲಿಟರಿ ಆ್ಯಂಡ್ ಪೊಲೀಸ್ ರಿವಾಲ್ವರಿನ ವಂಶ ಇದು. 1957ರಲ್ಲಿ ಕಂಪನಿ ತನ್ನ ರಿವಾಲ್ವರುಗಳಿಗೆ ನಂಬರ್ ಕೊಡಲು ಶುರು ಮಾಡಿದಾಗ ಇದಕ್ಕೆ 10 ಅಂತ ಬಂತು. ಹೊರಗಿನ ನೀಲಿ ಬಣ್ಣ ಅಲ್ಲಲ್ಲಿ ಸವೆದಿದ್ದರೂ ನಳಿಗೆಯ ಒಳಗೆ ಗೆರೆಗಳು ಚೊಕ್ಕವಾಗಿವೆ. ಒಳ್ಳೆಯ ಗನ್ನು.

ತಂದವರ ದೂರು ಎರಡು. ಡಬಲ್ ಆ್ಯಕ್ಷನ್‌ನಲ್ಲಿ (ಹ್ಯಾಮರ್ ಅನ್ನುವ, ತೋಟಾಕ್ಕೆ ಪೆಟ್ಟು ಕೊಡುವ ಭಾಗವನ್ನು ಒಂದೇ ಎಳೆತದಲ್ಲಿ ಎತ್ತಿ ಬೀಳಿಸುವ ಬಗೆ) ಎಳೆಯುವಾಗ ಟ್ರಿಗರ್ ಭಾರ, ಜೊತೆಗೆ ಮಧ್ಯದಲ್ಲಿ ಎಲ್ಲೋ ಕಚ್ಚಿಕೊಳ್ಳುತ್ತದೆ. ಮತ್ತೆ ಆಗಾಗ ಒಂದು ತೋಟಾ ಹಾರುವುದೇ ಇಲ್ಲ. "ಸ್ಪ್ರಿಂಗ್ ಸ್ವಲ್ಪ ಕತ್ತರಿಸಿ ಹಗುರ ಮಾಡಿಬಿಡಿ ಸಾರ್" ಅಂದರು. ಸ್ಪ್ರಿಂಗ್ ಕತ್ತರಿಸುವುದಿಲ್ಲ, ಮೊದಲು ಒಳಗೆ ನೋಡೋಣ ಅಂದೆ. ಹಾರದ ತೋಟಾ ಮತ್ತು ಹಗುರ ಸ್ಪ್ರಿಂಗ್ ಒಂದೇ ಮನೆಯ ಮಕ್ಕಳು. ಎರಡನೆಯದನ್ನು ಕೇಳಿದರೆ ಮೊದಲನೆಯದು ಜಾಸ್ತಿ ಆಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಬಂದೂಕು ಬಿಚ್ಚಿ ಕೆಲಸ ಮಾಡುವುದಕ್ಕೆ ಹಲವು ಕಡೆ ಬೇರೆಯೇ ಪರವಾನಗಿ ಬೇಕು. ಗನ್ನು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದ ಮಾತ್ರಕ್ಕೆ ರಿಪೇರಿ ಮಾಡುವ ಹಕ್ಕು ಬರುವುದಿಲ್ಲ. ಅದನ್ನು ಮೊದಲು ತಿಳಿದುಕೊಳ್ಳಿ. ಇನ್ನು ಬೆಂಚಿನ ಕೋಣೆಯಲ್ಲಿ ಒಂದೇ ಒಂದು ಜೀವಂತ ತೋಟಾ ಇರಬಾರದು. ಸಿಲಿಂಡರ್ ಹೊರಗೆ ತೆಗೆದು ಆರೂ ತೂತು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿದ ಮೇಲೆಯೇ ಮುಂದಿನ ಕೆಲಸ.

ಮೊದಲು ಅಳತೆ. ಎಳೆತದ ತೂಕ ತೋರಿಸುವ ಗೇಜಿನ ಕೊಕ್ಕೆಯನ್ನು ಟ್ರಿಗರಿನ ಮಧ್ಯಕ್ಕೆ ಹಾಕಿ, ನಳಿಗೆಗೆ ಸಮನಾಗಿ ಹಿಂದಕ್ಕೆ, ಒಂದೇ ವೇಗದಲ್ಲಿ ಎಳೆಯಬೇಕು. ಕೊಕ್ಕೆ ತುದಿಗೆ ಜಾರಿದರೆ ಸನ್ನೆಯ ಉದ್ದ ಜಾಸ್ತಿಯಾಗಿ ತೂಕ ಕಡಿಮೆ ತೋರಿಸುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ಇಡುವುದು ಅದಕ್ಕೇ ಮುಖ್ಯ. ಡಬಲ್ ಆ್ಯಕ್ಷನ್ 5.3 ಕೆಜಿ, ಹ್ಯಾಮರನ್ನು ಹೆಬ್ಬೆರಳಿಂದ ಮೊದಲೇ ಎತ್ತಿಟ್ಟು ಎಳೆಯುವ ಸಿಂಗಲ್ ಆ್ಯಕ್ಷನ್ 1.9 ಕೆಜಿ ಬಂತು. ಈ ಜಾತಿಯ ರಿವಾಲ್ವರಿಗೆ 5.3 ಅಂದರೆ ಅಂಥ ಭಯಂಕರ ಭಾರವೇನಲ್ಲ. ಆದರೆ ಕೈಗೆ ಅದು ಏಳೆಂಟು ಕೆಜಿಯ ಹಾಗೆ ಅನಿಸುತ್ತದೆ. ಗೇಜಿನ ಮುಳ್ಳು ನೋಡಿದಾಗ ಕಾರಣ ಗೊತ್ತಾಯಿತು. ಅದು ಒಂದೇ ಸಮನೆ ಏರುತ್ತಿಲ್ಲ. ಏರುತ್ತದೆ, ತಡೆಯುತ್ತದೆ, ಪಟ್ಟನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಬೆರಳಿಗೆ ಸುಸ್ತು ಮಾಡುವುದು ಈ ಏರಿಳಿತ. ಒಂದೇ ಹದದಲ್ಲಿ ಬರುವ 5 ಕೆಜಿಯನ್ನು ಕೈ ಬೇಗ ಕಲಿತುಬಿಡುತ್ತದೆ. ನಡುವೆ ಮುಗ್ಗರಿಸುವ 4 ಕೆಜಿಯನ್ನು ಯಾವತ್ತೂ ಕಲಿಯುವುದಿಲ್ಲ. ಈ ಕೆಲಸದ ಬಗ್ಗೆ ನಾನು ಖಂಡಿತವಾಗಿ ನಂಬಿರುವುದು ಇದೊಂದನ್ನೇ. ಗುರಿ ಕೆಡಿಸುವುದು ತೂಕಕ್ಕಿಂತ ಉಜ್ಜಾಟ.

ಈ ಎಳೆತದಲ್ಲಿ ಏನೇನು ಸೇರಿದೆ ಅಂತ ಗೊತ್ತಿದ್ದರೆ ಎಲ್ಲಿ ಕೈ ಇಡಬೇಕು ಅನ್ನುವುದೂ ಗೊತ್ತಾಗುತ್ತದೆ. ಒಳಗೆ ದೊಡ್ಡ ಸ್ಪ್ರಿಂಗ್ ಎರಡು. ಹಿಡಿಯ ಒಳಗೆ ನಿಂತಿರುವ ಚಪ್ಪಟೆ ಪಟ್ಟಿ ಮೇನ್ ಸ್ಪ್ರಿಂಗ್. ಹ್ಯಾಮರನ್ನು ಮುಂದಕ್ಕೆ ಹೊಡೆಯುವುದು ಅದರ ಕೆಲಸ. ಟ್ರಿಗರಿನ ಹಿಂದೆ ಫ್ರೇಮಿನ ತಳದಲ್ಲಿ ಒಂದು ಸಣ್ಣ ಉಕ್ಕಿನ ಪೆಟ್ಟಿಗೆ ಹಿಂದೆ ಮುಂದೆ ಜಾರುತ್ತದೆ. ಅದು ರಿಬೌಂಡ್ ಸ್ಲೈಡ್. ಅದರ ಹೊಟ್ಟೆಯೊಳಗೆ ಇರುವ ಸುರುಳಿ ಸ್ಪ್ರಿಂಗ್ ಟ್ರಿಗರನ್ನು ಮುಂದಕ್ಕೆ ತಳ್ಳುತ್ತದೆ. ಟ್ರಿಗರ್ ಎಳೆದಾಗ ಎರಡನ್ನೂ ಒಟ್ಟಿಗೆ ಒತ್ತುತ್ತೇವೆ. ಅದರ ಜೊತೆಗೆ ಹ್ಯಾಂಡ್ ಅನ್ನುವ ಸಣ್ಣ ತೋಳು ಸಿಲಿಂಡರನ್ನು ತಿರುಗಿಸುತ್ತದೆ, ಸಿಲಿಂಡರ್ ಸ್ಟಾಪ್ ಕೆಳಗಿಳಿದು ಮತ್ತೆ ಮೇಲೆದ್ದು ಬೀಗ ಹಾಕುತ್ತದೆ. ಟ್ರಿಗರಿನ ಮೂಗು ಮೊದಲು ಹ್ಯಾಮರಿನ ಎದೆಯಲ್ಲಿರುವ ಸಿಯರ್ ಅನ್ನುವ ಸಣ್ಣ ಕೊಂಡಿಯನ್ನು ಎತ್ತುತ್ತದೆ. ಅರ್ಧ ದಾರಿಯಲ್ಲಿ ಸಿಯರ್ ಬಿಟ್ಟು ಹ್ಯಾಮರಿನ ಬುಡವನ್ನೇ ಹಿಡಿಯುತ್ತದೆ. ಕೈ ಬದಲಾಗುವ ಈ ಜಾಗದಲ್ಲೂ ಸಣ್ಣ ಹೆಜ್ಜೆಯೊಂದು ಬೆರಳಿಗೆ ತಿಳಿಯುತ್ತದೆ. ಅದು ಸಹಜ. ಸಹಜವಲ್ಲದ್ದು ನಡುನಡುವೆ ಬರುವ ಕರಕರ.

ಬಿಚ್ಚುವ ಕೆಲಸಕ್ಕೆ ಸರಿಯಾದ ಸ್ಕ್ರೂಡ್ರೈವರ್ ಬೇಕೇ ಬೇಕು. ಮನೆಬಳಕೆಯ ಸ್ಕ್ರೂಡ್ರೈವರಿನ ತುದಿ ಉಳಿಯ ಹಾಗೆ ಓರೆ ಇರುತ್ತದೆ. ಅದು ಕಚ್ಚಿನ ಬಾಯಲ್ಲಿ ಮಾತ್ರ ಹಿಡಿದು, ಜೋರು ಕೊಟ್ಟ ಕೂಡಲೇ ಮೇಲಕ್ಕೆ ಜಾರಿ, ಸ್ಕ್ರೂವಿನ ತಲೆ ಕಿತ್ತುಹಾಕುತ್ತದೆ. ಬಂದೂಕಿನ ಕೆಲಸಕ್ಕೆ ತುದಿ ಎರಡೂ ಬದಿ ಸಮನಾಗಿರಬೇಕು, ಕಚ್ಚಿನ ಅಗಲ ಆಳ ತುಂಬಬೇಕು. ಈ ಗನ್ನಿನಲ್ಲಿ ಎರಡು ಸ್ಕ್ರೂವಿನ ತಲೆ ಆಗಲೇ ಕಿತ್ತಿದ್ದವು. ಅಂದರೆ ಯಾರೋ ಮೊದಲೇ ಒಳಗೆ ಹೋಗಿ ಬಂದಿದ್ದಾರೆ.

ಒಳಗಿನ ಭಾಗಗಳನ್ನು ಪಕ್ಕದಿಂದ ಮುಚ್ಚುವ ಸೈಡ್ ಪ್ಲೇಟಿನ ಮುಂದಿನ ಸ್ಕ್ರೂ ಬಿಚ್ಚಿದರೆ ಸಿಲಿಂಡರ್ ಮತ್ತು ಅದನ್ನು ಹೊತ್ತಿರುವ ತೋಳು, ಅಂದರೆ ಯೋಕ್, ಮುಂದಕ್ಕೆ ಜಾರಿ ಬರುತ್ತವೆ. ಆ ಸ್ಕ್ರೂವಿನ ತುದಿ ಯೋಕಿಗೆ ಹೊಂದಿಸಿದ್ದು. ಉಳಿದವುಗಳ ಜೊತೆ ಬೆರೆಸಬೇಡಿ. ನಾನು ರಟ್ಟಿನ ಮೇಲೆ ಗನ್ನಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿ ಇಡುತ್ತೇನೆ. ಪ್ಲೇಟನ್ನು ಮಾತ್ರ ಯಾವ ಕಾರಣಕ್ಕೂ ಮೀಟಬಾರದು. ಅದು ಫ್ರೇಮಿನಲ್ಲಿ ಎಷ್ಟು ಬಿಗಿಯಾಗಿ ಕೂತಿರುತ್ತದೆ ಅಂದರೆ ಸೇರುವ ಗೆರೆಯೇ ಕಾಣುವುದಿಲ್ಲ. ಒಮ್ಮೆ ಮೀಟಿದರೆ ಆ ಅಂಚು ಹಾಳಾದಂತೆಯೇ. ಪ್ಲೇಟ್ ಮೇಲೆ ಬರುವ ಹಾಗೆ ಹಿಡಿದು, ಹಿಡಿಯ ಫ್ರೇಮಿನ ಮೇಲೆ ಸುತ್ತಿಗೆಯ ಮರದ ಕಾವಿನಿಂದ ಟಕಟಕ ತಟ್ಟಿದರೆ ತಾನಾಗಿಯೇ ಮೇಲೇಳುತ್ತದೆ.

ಪ್ಲೇಟ್ ತೆಗೆಯುವ ಮೊದಲೇ, ಹಿಡಿ ಬಿಚ್ಚಿದಾಗ ಎರಡನೇ ದೂರಿನ ಕಾರಣ ಸಿಕ್ಕಿತು. ಹಿಡಿಯ ಮುಂಭಾಗದಲ್ಲಿ ಕೆಳಗೆ ಒಂದು ಸ್ಕ್ರೂ ಇರುತ್ತದೆ. ಅದರ ತುದಿ ಮೇನ್ ಸ್ಪ್ರಿಂಗನ್ನು ಒತ್ತಿ ಬಿಲ್ಲಿನ ಹಾಗೆ ಬಾಗಿಸಿ ಹಿಡಿದಿರುತ್ತದೆ. ಸ್ಟ್ರೇನ್ ಸ್ಕ್ರೂ ಅಂತಾರೆ. ಅದನ್ನು ಯಾರೋ ಹೆಚ್ಚುಕಡಿಮೆ ಒಂದು ಸುತ್ತು ಸಡಿಲ ಮಾಡಿದ್ದರು. ಟ್ರಿಗರ್ ಹಗುರ ಮಾಡುವ ಸೋಮಾರಿ ದಾರಿ ಇದು. ತಕ್ಷಣಕ್ಕೆ ಹಗುರವಾಗುವುದು ನಿಜ. ಆದರೆ ಹ್ಯಾಮರಿನ ಪೆಟ್ಟು ಸೊರಗುತ್ತದೆ, ತೋಟಾದ ಅಡಿಯಲ್ಲಿ ಪೆಟ್ಟಿಗೆ ಸಿಡಿಯುವ ಪ್ರೈಮರಿನ ಮೇಲೆ ಬೀಳುವ ಗುಳಿ ಆಳವಾಗುವುದಿಲ್ಲ. ಗುಂಡು ಹೊಡೆದಂತೆಲ್ಲ ಅದುರಿ ಸ್ಕ್ರೂ ಇನ್ನಷ್ಟು ಸಡಿಲವಾಗುತ್ತದೆ. ಈ ಸ್ಕ್ರೂವಿಗೆ ಇರುವುದು ಒಂದೇ ಜಾಗ, ಪೂರ್ತಿ ಬಿಗಿ. ಬಿಗಿ ಮಾಡಿ ಮತ್ತೆ ಅಳೆದೆ. 5.8 ಕೆಜಿ. ನಿಜವಾದ ಲೆಕ್ಕ ಶುರುವಾಗುವುದು ಇಲ್ಲಿಂದ.

ಪ್ಲೇಟ್ ತೆಗೆದಿರುವಾಗ ಟ್ರಿಗರ್ ಎಳೆದು ಹ್ಯಾಮರ್ ಬೀಳಿಸಬೇಡಿ. ಹ್ಯಾಮರ್ ತಿರುಗುವ ಗೂಟದ ಒಂದು ತುದಿಗೆ ಫ್ರೇಮಿನ ಆಸರೆ, ಇನ್ನೊಂದು ತುದಿಗೆ ಸೈಡ್ ಪ್ಲೇಟಿನ ಆಸರೆ. ಪ್ಲೇಟ್ ಇಲ್ಲದಾಗ ಪೆಟ್ಟು ಬಿದ್ದರೆ ಗೂಟ ಮುರಿಯಬಹುದು. ಅದು ಮುರಿದರೆ ಬೆಂಚಿನ ಮೇಲೆ ಸರಿಪಡಿಸುವ ಕೆಲಸವಲ್ಲ.

ಉಳಿದದ್ದು ಸರಸರ ಬಿಚ್ಚಿದೆ. ಸ್ಟ್ರೇನ್ ಸ್ಕ್ರೂ ಸಡಿಲಿಸಿ ಮೇನ್ ಸ್ಪ್ರಿಂಗನ್ನು ಹ್ಯಾಮರಿನ ಕೊಕ್ಕೆಯಿಂದ ಬಿಡಿಸುವುದು. ಟ್ರಿಗರ್ ಎಳೆಯದಿದ್ದಾಗ ಹ್ಯಾಮರ್ ಪ್ರೈಮರಿಗೆ ತಾಗದಂತೆ ತಡೆಯುವ, ಉದ್ದ ಪಟ್ಟಿಯಂತಿರುವ ಹ್ಯಾಮರ್ ಬ್ಲಾಕ್ ಎತ್ತಿಡುವುದು. ಸಿಲಿಂಡರಿನ ಬೀಗ ಹಿಂದಕ್ಕೆ ಹಿಡಿದು, ಟ್ರಿಗರ್ ಸ್ವಲ್ಪ ಎಳೆದು, ಹ್ಯಾಮರ್ ಹೊರಗೆ. ರಿಬೌಂಡ್ ಸ್ಲೈಡ್ ತೆಗೆಯುವಾಗ ಕನ್ನಡಕ ಹಾಕಿ, ಮೇಲೊಂದು ಬಟ್ಟೆ ಹಿಡಿಯಿರಿ. ಒಳಗಿನ ಸ್ಪ್ರಿಂಗ್ ಹಾರಿದರೆ ಕೋಣೆಯ ಆ ಮೂಲೆಗೆ ಹೋಗುತ್ತದೆ, ದಾರಿಯಲ್ಲಿ ಕಣ್ಣು ಸಿಕ್ಕರೆ ಕಣ್ಣಿಗೆ.

ಒಳಗೆ ಕಂಡದ್ದು ಕಂದು ಬಣ್ಣದ ಅಂಟು. ಹಳೆಯ ಎಣ್ಣೆ ಒಣಗಿ ವಾರ್ನಿಷ್ ಆಗಿತ್ತು. ಅದರ ಮೇಲೆ ಮಸಿ, ಬಟ್ಟೆಯ ಎಳೆ, ಉಕ್ಕಿನ ಪುಡಿ. ರಿಬೌಂಡ್ ಸ್ಲೈಡ್ ಕೂರುವ ತಳದಲ್ಲಿ ಬೆರಳುಗುರು ಎಳೆದರೆ ಮೇಣದ ಹಾಗೆ ಕಿತ್ತು ಬಂತು. ಸೀಮೆಎಣ್ಣೆಯಲ್ಲಿ ಭಾಗಗಳನ್ನೆಲ್ಲ ನೆನೆಹಾಕಿ, ನೈಲಾನ್ ಬ್ರಷ್ ಮತ್ತು ಮರದ ಕಡ್ಡಿಯಿಂದ ಮೂಲೆಮೂಲೆ ಕೆರೆದು ತೆಗೆದೆ. ಒರೆಸಿ, ಒಣಗಿಸಿ, ಕೀಲುಗಳಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು ಜೋಡಿಸಿ ನೋಡಿದೆ. 5.3 ಕೆಜಿ. ಬರೀ ಸ್ವಚ್ಛ ಮಾಡಿದ್ದಕ್ಕೆ ಅರ್ಧ ಕೆಜಿ ಇಳಿಯಿತು. ಸಾಣೆಕಲ್ಲು ಮುಟ್ಟುವ ಮೊದಲು ಇಷ್ಟನ್ನು ಎಲ್ಲರೂ ಮಾಡಬೇಕು. ಎಷ್ಟೋ ರಿವಾಲ್ವರುಗಳಿಗೆ ಇಷ್ಟೇ ಸಾಕಾಗುತ್ತದೆ.

ಆದರೆ ಕರಕರ ಪೂರ್ತಿ ಹೋಗಿರಲಿಲ್ಲ. ಎಲ್ಲಿ ಉಜ್ಜುತ್ತಿದೆ ಅಂತ ಊಹೆ ಮಾಡುವುದು ಬೇಡ, ಗನ್ನೇ ಹೇಳುತ್ತದೆ. ಕಪ್ಪು ಮಾರ್ಕರ್ ಪೆನ್ನಿನಿಂದ ರಿಬೌಂಡ್ ಸ್ಲೈಡಿನ ತಳ, ಎರಡು ಬದಿ, ಹ್ಯಾಮರಿನ ಎರಡು ಪಕ್ಕ, ಟ್ರಿಗರಿನ ಪಕ್ಕ, ಮೇನ್ ಸ್ಪ್ರಿಂಗಿನ ಅಂಚು ಎಲ್ಲಕ್ಕೂ ಬಣ್ಣ ಬಳಿದೆ. ಪ್ಲೇಟ್ ಹಾಕಿ, ಪ್ರೈಮರ್ ಜಾಗದಲ್ಲಿ ಮೆತ್ತನೆಯ ಅಡಿ ಇರುವ ನಕಲಿ ತೋಟಾ ತುಂಬಿ, ಒಂದಷ್ಟು ಸಲ ಎಳೆದು ಮತ್ತೆ ಬಿಚ್ಚಿದೆ. ಹ್ಯಾಮರಿನ ಪಕ್ಕದಲ್ಲಿ ಬಣ್ಣ ಹಾಗೇ ಇತ್ತು, ಅಂದರೆ ಅದು ನೆಟ್ಟಗೆ ಓಡಾಡುತ್ತಿದೆ. ಅಲ್ಲಿ ಉಜ್ಜಿದ್ದಿದ್ದರೆ ಗೂಟಕ್ಕೆ ಕೂದಲೆಳೆಯ ದಪ್ಪದ ವಾಷರ್ ಹಾಕಿ ನಡುವಿಗೆ ತರಬೇಕಾಗುತ್ತಿತ್ತು. ಮೇನ್ ಸ್ಪ್ರಿಂಗೂ ಸರಿ. ಬಣ್ಣ ಹೋಗಿದ್ದು ರಿಬೌಂಡ್ ಸ್ಲೈಡಿನಲ್ಲಿ. ತಳದಲ್ಲಿ ಅಡ್ಡಡ್ಡ ಗೆರೆ ಗೆರೆಯಾಗಿ ಬೆಳ್ಳಗಾಗಿತ್ತು. ಫ್ರೇಮಿನ ಕಡೆಯ ಬದಿಯಲ್ಲಿ ಹಿಂದಿನ ಮೂಲೆ ಒಂದೇ ಹೊಳೆಯುತ್ತಿತ್ತು.

ಭೂತಗನ್ನಡಿ ಹಿಡಿದು ನೋಡಿದರೆ ಚಿತ್ರ ಸ್ಪಷ್ಟ. ಸ್ಲೈಡಿನ ತಳದಲ್ಲಿ ಕಟರ್ ಓಡಿದ ಗೀರುಗಳು ಅಡ್ಡಕ್ಕೆ ಇವೆ, ಸ್ಲೈಡ್ ಓಡುವುದು ಉದ್ದಕ್ಕೆ. ಯಂತ್ರದಲ್ಲಿ ಕಡೆದ ಯಾವ ಲೋಹಕ್ಕೂ ಇಂಥ ಗೀರು ಇರುತ್ತವೆ. ಎರಡು ಗೀರುಮೈಗಳು ಒಂದರ ಮೇಲೊಂದು ಜಾರುವಾಗ ಬೆರಳಿಗೆ ಸಿಗುವುದೇ ಆ ಕರಕರ. ಹಿಂದಿನ ಮೂಲೆಯಲ್ಲಿ ಮಾತ್ರ ಬೇರೆ ಕಥೆ. ಅಲ್ಲೊಂದು ಸಣ್ಣ ಗಾಯ. ಹಿಂದೆ ಬಿಚ್ಚಿದವರ ಸ್ಕ್ರೂಡ್ರೈವರ್ ತಾಗಿ ಲೋಹ ಚೂರು ಉಬ್ಬಿತ್ತು. ಎಳೆತದ ಮಧ್ಯದಲ್ಲಿ ಕಚ್ಚಿಕೊಳ್ಳುತ್ತಿದ್ದದ್ದು ಈ ಉಬ್ಬು. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಉಗುರಿಗೆ ತಟ್ಟನೆ ತಿಳಿಯುತ್ತದೆ.

ಈಗ ಸಾಣೆಕಲ್ಲು. ಅರ ಮುಟ್ಟುವ ಹಾಗೇ ಇಲ್ಲ, ತಿರುಗುವ ಪಾಲಿಷ್ ಚಕ್ರವಂತೂ ಬೇಡವೇ ಬೇಡ. ಚಕ್ರ ಅಂಚುಗಳನ್ನು ಉರುಟು ಮಾಡಿಬಿಡುತ್ತದೆ. ಇಲ್ಲಿ ಬೇಕಾದ್ದು ಚಪ್ಪಟೆ ಮೈ ಮತ್ತು ಚೂಪು ಅಂಚು. ಉಬ್ಬನ್ನು ನಯವಾದ ಗಟ್ಟಿ ಕಲ್ಲಿನಿಂದ, ಸುತ್ತಲಿನ ಮಟ್ಟಕ್ಕೆ ಬರುವವರೆಗೆ ಮಾತ್ರ ತೆಗೆದೆ. ಆಮೇಲೆ ದಪ್ಪ ಗಾಜಿನ ತುಂಡಿನ ಮೇಲೆ 600 ನಂಬರಿನ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು, ಸ್ಲೈಡಿನ ತಳವನ್ನು ಅದು ಓಡುವ ದಿಕ್ಕಿನಲ್ಲೇ ಎಳೆದೆ. ಒತ್ತಡ ಸ್ಲೈಡಿನ ಮೇಲೆ ಬೆರಳು ಇಟ್ಟಷ್ಟೇ. ನಾಲ್ಕಾರು ಎಳೆತಕ್ಕೊಮ್ಮೆ ತಿರುಗಿಸಿ ನೋಡಬೇಕು. ಮೊದಲು ಗೀರುಗಳ ದಿಬ್ಬದ ತುದಿ ಹೊಳೆಯುತ್ತದೆ, ತಗ್ಗು ಕಪ್ಪಗೇ ಇರುತ್ತದೆ. ಇಲ್ಲೇ ಕೈ ತಡೆಯಬೇಕು. ತಗ್ಗೂ ಮಾಯವಾಗಿ ಕನ್ನಡಿಯ ಹಾಗಾಗಲಿ ಅಂತ ಆಸೆ ಹುಟ್ಟುತ್ತದೆ. ಅದರ ಅಗತ್ಯವೇ ಇಲ್ಲ. ಉಳಿದ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ, ಒಳ್ಳೆಯದೇ. 1000ದ ಪೇಪರಿನಲ್ಲಿ ಕೊನೆಯ ಕೈ ಆಡಿಸಿ ನಿಲ್ಲಿಸಿದೆ. ಎರಡು ಬದಿಗೂ ಅಷ್ಟೇ. ಫ್ರೇಮಿನ ತಳಕ್ಕೆ ಕಲ್ಲನ್ನು ಚಪ್ಪಟೆಯಾಗಿಟ್ಟು ಕೆಲವು ಎಳೆತ ಕೊಟ್ಟೆ, ದಿಬ್ಬದ ತುದಿ ಹೋಗುವಷ್ಟು ಮಾತ್ರ.

ಸ್ಲೈಡಿನ ಮೇಲ್ಭಾಗ ಮುಟ್ಟಲಿಲ್ಲ. ಮುಟ್ಟಲೂಬಾರದು. ಅಲ್ಲಿರುವ ಉಬ್ಬು ಟ್ರಿಗರ್ ಬಿಟ್ಟಾಗ ಹ್ಯಾಮರಿನ ಬುಡದ ಕೆಳಗೆ ಬಂದು ಅದನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುತ್ತದೆ. ಹ್ಯಾಮರಿನ ಮೂಗು ಪ್ರೈಮರನ್ನು ಮುಟ್ಟಿಕೊಂಡು ಕೂರದಂತೆ ಕಾಯುವ ಜಾಗ ಅದು. ಅದನ್ನು ಸವೆಸಿದರೆ ಸುರಕ್ಷತೆಯನ್ನೇ ಸವೆಸಿದಂತೆ.

ಮುಟ್ಟಬಾರದ ಇನ್ನೊಂದು ಜಾಗ ಹ್ಯಾಮರಿನ ಬುಡದ ಒಂದು ಸಣ್ಣ ಕಚ್ಚು, ಮತ್ತು ಅದರಲ್ಲಿ ಕೂರುವ ಟ್ರಿಗರಿನ ತುದಿ. ಸಿಂಗಲ್ ಆ್ಯಕ್ಷನ್‌ನಲ್ಲಿ ಎತ್ತಿಟ್ಟ ಹ್ಯಾಮರನ್ನು ತಡೆದು ನಿಲ್ಲಿಸುವುದು ಈ ಎರಡೇ ಅಂಚು. ಟ್ರಿಗರ್ ಕೆಲಸ ಅಂದ ಕೂಡಲೇ ಅನೇಕರ ಕೈ ಮೊದಲು ಹೋಗುವುದು ಅಲ್ಲಿಗೇ. ಈ ಭಾಗಗಳ ಉಕ್ಕಿಗೆ ಮೇಲ್ಪದರ ಮಾತ್ರ ಗಡಸು, ಅದೂ ತೆಳು. ಕಲ್ಲು ಆ ಪದರ ದಾಟಿದರೆ ಒಳಗೆ ಮೆತ್ತನೆಯ ಲೋಹ. ಆ ಹೊತ್ತಿಗೆ ಎಳೆತ ಬೆಣ್ಣೆಯಂತಿರುತ್ತದೆ. ಬರಬರುತ್ತಾ ಅಂಚು ಸವೆದು, ಎತ್ತಿಟ್ಟ ಹ್ಯಾಮರ್ ತಾನಾಗಿಯೇ ಬೀಳುವ ಗನ್ನಾಗುತ್ತದೆ. ಕೋನ ಚೂರು ತಪ್ಪಿದರೂ ಅದೇ ಗತಿ. ಗುರಿಗಾರಿಕೆಯ ಸ್ಪರ್ಧೆಗೂ ಅಷ್ಟು ಹಗುರ ಬೇಕಿಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲಿನ ಟ್ರಿಗರ್ ಕಡಿಮೆ ಅಂದರೆ 1000 ಗ್ರಾಂ ತೂಕ ಎತ್ತಲೇಬೇಕು.

ಹ್ಯಾಂಡ್ ಮತ್ತು ಸಿಲಿಂಡರಿನ ಹಿಂದಿನ ಹಲ್ಲುಗಳಿಗೂ ಕಲ್ಲು ತಾಗಿಸಲಿಲ್ಲ. ಅಲ್ಲಿ ಲೋಹ ಹೋದರೆ ಸಿಲಿಂಡರ್ ಸಮಯಕ್ಕೆ ಸರಿಯಾಗಿ ತಿರುಗುವುದಿಲ್ಲ. ತೂತು ನಳಿಗೆಗೆ ನೇರ ಬರುವ ಮೊದಲೇ ಹ್ಯಾಮರ್ ಬಿದ್ದರೆ ಗುಂಡು ಅಂಚನ್ನು ಕೆರೆದುಕೊಂಡು ಹೋಗುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ.

ಪಾಲಿಷ್ ಆದ ಮೇಲೆ ತೊಳೆದು, ಎಮರಿಯ ಪುಡಿ ಒಂದು ಕಣವೂ ಉಳಿಯದ ಹಾಗೆ ಒರೆಸಿ, ಜೋಡಿಸಿದೆ. 4.9 ಕೆಜಿ. ತೂಕಕ್ಕಿಂತ ಮುಳ್ಳಿನ ನಡೆ ನೋಡಿ ಖುಷಿಯಾಯಿತು. ಈಗ ಅದು ಒಂದೇ ಸಮ ಏರಿ, ಕೊನೆಯಲ್ಲಿ ಬಿಟ್ಟುಕೊಡುತ್ತದೆ.

ಸ್ಪ್ರಿಂಗ್ ಬದಲಿಸಿದ್ದು ಇದೆಲ್ಲ ಆದ ಮೇಲೆ, ಅದೂ ಒಂದನ್ನು ಮಾತ್ರ. ರಿಬೌಂಡ್ ಸ್ಪ್ರಿಂಗ್ ಕಂಪನಿಯಿಂದ ಬರುವುದು ಸುಮಾರು 18 ಪೌಂಡಿನದು. ಅದಕ್ಕಿಂತ ಹಗುರವಾದವು 16, 15, 14, 13 ಅಂತ ಬೇರೆಯಾಗಿ ಸಿಗುತ್ತವೆ. 15ರದ್ದು ಹಾಕಿದೆ. ಇನ್ನೂ ಕೆಳಗಿಳಿದರೆ ಎಳೆತ ಹಗುರವಾಗುತ್ತದೆ ಸರಿ, ಆದರೆ ಟ್ರಿಗರ್ ವಾಪಸ್ ಬರುವುದು ನಿಧಾನವಾಗುತ್ತದೆ. ಬೇಗ ಬೇಗ ಹೊಡೆಯುವವರ ಬೆರಳು ಟ್ರಿಗರಿಗಿಂತ ಮುಂದೆ ಓಡುತ್ತದೆ. ಟ್ರಿಗರ್ ಪೂರ್ತಿ ಮುಂದೆ ಬರುವ ಮೊದಲೇ ಮತ್ತೆ ಎಳೆದರೆ ಗನ್ನು ಅಲ್ಲೇ ಸಿಕ್ಕಿಕೊಳ್ಳಬಹುದು. ಅದಕ್ಕೇ ವಾಪಸ್ ಬರುವ ವೇಗವನ್ನೂ ಎಳೆತದಷ್ಟೇ ಗಮನಿಸಬೇಕು. ಟ್ರಿಗರನ್ನು ನಿಧಾನವಾಗಿ ಬಿಡುತ್ತಾ ಬಂದರೆ ಎಲ್ಲೂ ನಿಲ್ಲದೆ ಬೆರಳನ್ನು ತಳ್ಳಿಕೊಂಡು ಮುಂದೆ ಬರಬೇಕು. 15ರಲ್ಲಿ ಹಾಗೆಯೇ ಬಂತು. ಮೇನ್ ಸ್ಪ್ರಿಂಗ್ ಹಳೆಯದೇ, ಸ್ಟ್ರೇನ್ ಸ್ಕ್ರೂ ಪೂರ್ತಿ ಬಿಗಿ.

ಜೋಡಿಸುವಾಗ ಹ್ಯಾಮರ್ ಬ್ಲಾಕ್ ಮರೆಯಬೇಡಿ. ಅದಿಲ್ಲದೆಯೂ ಗನ್ನು ಜೋಡಣೆಯಾಗುತ್ತದೆ, ಗುಂಡೂ ಹಾರುತ್ತದೆ. ಅದೇ ಅಪಾಯ. 1944ರಲ್ಲಿ ಹಡಗಿನ ಉಕ್ಕಿನ ಡೆಕ್ಕಿನ ಮೇಲೆ ಬಿದ್ದ ಇದೇ ಜಾತಿಯ ವಿಕ್ಟರಿ ಮಾಡೆಲ್ ರಿವಾಲ್ವರ್ ಸಿಡಿದು ನಾವಿಕನೊಬ್ಬ ಸತ್ತ. ಆಮೇಲೆ ಕಂಪನಿ ಈ ಬ್ಲಾಕಿನ ವಿನ್ಯಾಸವನ್ನೇ ಬದಲಿಸಿತು. ಪಟ್ಟಿಯ ಕೆಳತುದಿಯ ಓರೆ ಕಿಂಡಿ ರಿಬೌಂಡ್ ಸ್ಲೈಡಿನ ಮೊಳೆಯ ಮೇಲೆ ಸರಿಯಾಗಿ ಕೂತರೆ ಸೈಡ್ ಪ್ಲೇಟ್ ಬರೀ ಬೆರಳಿನ ಒತ್ತಡಕ್ಕೆ ಕೂರುತ್ತದೆ. ಕೂರದಿದ್ದರೆ ಸುತ್ತಿಗೆ ತರಬೇಡಿ, ಪಟ್ಟಿ ಸರಿಪಡಿಸಿ.

ಇನ್ನು ಪರೀಕ್ಷೆಗಳು, ಎಲ್ಲವೂ ಖಾಲಿ ಗನ್ನಿನಲ್ಲಿ. ಹ್ಯಾಮರ್ ಪೂರ್ತಿ ಎತ್ತಿಟ್ಟು, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹ್ಯಾಮರಿನ ಬೆನ್ನನ್ನು ಜೋರಾಗಿ ಮುಂದಕ್ಕೆ ಒತ್ತಿದೆ. ಅಲುಗಾಡಲಿಲ್ಲ. ಬಿದ್ದಿದ್ದರೆ ಆ ಗನ್ನು ಕೆಲಸದ ಕೋಣೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಎಡಗೈ ಬೆರಳಿನಿಂದ ಸಿಲಿಂಡರಿಗೆ ಸ್ವಲ್ಪ ತಡೆ ಕೊಟ್ಟು ಟ್ರಿಗರನ್ನು ಬಹಳ ನಿಧಾನ ಎಳೆದೆ. ಹ್ಯಾಮರ್ ಬೀಳುವ ಮೊದಲು ಸ್ಟಾಪ್ ಟಕ್ ಅಂತ ಕೂರಬೇಕು. ಆರೂ ತೂತಿಗೂ ಸರಿಯಾಗಿ ಕೂತಿತು. ಟ್ರಿಗರ್ ನಿಧಾನವಾಗಿ ಎಳೆಯುತ್ತಾ ಹ್ಯಾಮರಿನ ಮುಂದೆ ಬೆಳಕು ಬಿಟ್ಟು ನೋಡಿದರೆ ಬ್ಲಾಕ್ ಕೆಳಗಿಳಿಯುವುದು, ಬಿಟ್ಟಾಗ ಮೇಲೆ ಬರುವುದು ಕಾಣಿಸಿತು. ಕೊನೆಗೆ ಪೆನ್ಸಿಲ್ ಪರೀಕ್ಷೆ. ನಳಿಗೆ ಮೇಲ್ಮುಖವಾಗಿ ಹಿಡಿದು, ರಬ್ಬರ್ ತುದಿ ಕೆಳಗಾಗುವಂತೆ ಪೆನ್ಸಿಲ್ ಇಳಿಸಿ, ಟ್ರಿಗರ್ ಎಳೆದರೆ ಹ್ಯಾಮರಿನ ಮೂಗು ಅದನ್ನು ಒದೆಯುತ್ತದೆ. ಪೆನ್ಸಿಲ್ ನಳಿಗೆಯಿಂದ ಪೂರ್ತಿ ಹೊರಗೆ ಹಾರಿತು. ಪೆಟ್ಟಿನಲ್ಲಿ ಜೀವ ಇದೆ.

ಇದು ಬೆಂಚಿನ ಮಾತು. ತೀರ್ಪು ಕೊಡುವುದು ಶೂಟಿಂಗ್ ರೇಂಜಿನಲ್ಲಿ ತೋಟಾಗಳು. ಪ್ರೈಮರುಗಳಲ್ಲಿ ಮೆತ್ತನೆಯವೂ ಇವೆ, ಗಟ್ಟಿಯವೂ ಇವೆ. ಫೆಡರಲ್ ಪ್ರೈಮರ್ ಮೆತ್ತಗೆ ಅಂತ ಹೆಸರಾಗಿದೆ, ಸಿಸಿಐ ಗಟ್ಟಿ. ಹಗುರ ಮಾಡಿದ ಗನ್ನನ್ನು ಬರೀ ಮೆತ್ತನೆಯ ಪ್ರೈಮರಿನಲ್ಲಿ ಪರೀಕ್ಷಿಸಿ ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಗಟ್ಟಿ ಪ್ರೈಮರಿನವನ್ನೇ ಜಾಸ್ತಿ ಹೊಡೆಸಿದೆ, ಅದೂ ಡಬಲ್ ಆ್ಯಕ್ಷನ್‌ನಲ್ಲೇ, ಯಾಕೆಂದರೆ ಸಿಂಗಲ್‌ಗಿಂತ ಡಬಲ್‌ನಲ್ಲಿ ಹ್ಯಾಮರ್ ಸ್ವಲ್ಪ ಕಡಿಮೆ ದೂರದಿಂದ ಬೀಳುತ್ತದೆ. ಒಂದೂ ಕೈಕೊಡಲಿಲ್ಲ. ಖಾಲಿ ತೋಟಾಗಳ ಅಡಿ ನೋಡಿದರೆ ಗುಳಿಗಳು ನಡುವಿಗೆ, ಆಳವಾಗಿ, ಒಂದೇ ತೆರ ಬಿದ್ದಿದ್ದವು.

ಕೊನೆಯ ಅಳತೆ ಹೀಗಿದೆ. ಡಬಲ್ ಆ್ಯಕ್ಷನ್ 4.5 ಕೆಜಿ, ಸಿಂಗಲ್ ಆ್ಯಕ್ಷನ್ 1.6 ಕೆಜಿ. ಸ್ಟ್ರೇನ್ ಸ್ಕ್ರೂ ಸಡಿಲ ಮಾಡಿ ಯಾರೋ ಪಡೆದಿದ್ದ ತೂಕಕ್ಕಿಂತ, ಅದನ್ನು ಪೂರ್ತಿ ಬಿಗಿ ಮಾಡಿದ ಮೇಲೂ ಡಬಲ್ ಆ್ಯಕ್ಷನ್ 800 ಗ್ರಾಂ ಕಡಿಮೆ ಇದೆ. ತಲೆ ಕಿತ್ತಿದ್ದ ಎರಡು ಸ್ಕ್ರೂಗಳಿಗೆ ಹೊಸವು ಬರಬೇಕು, ಅವು ಬಂದ ಮೇಲೆ ಗನ್ನು ವಾಪಸ್ ಕೊಡುತ್ತೇನೆ. ಒಂದಷ್ಟು ಕಾಲ ಬಳಸಿದ ಮೇಲೆ ಮತ್ತೆ ತರಲು ಹೇಳಿದ್ದೇನೆ. ಹೆಬ್ಬೆರಳಿನ ಪರೀಕ್ಷೆ ಮತ್ತೊಮ್ಮೆ ಮಾಡಬೇಕು, ಸ್ಲೈಡಿನ ಮೈ ಹೇಗೆ ಕೂಡಿಕೊಂಡಿದೆ ಅಂತ ಬಿಚ್ಚಿ ನೋಡಬೇಕು.